ಮಡಕೆ ಹೇಳಿಕೊಡುವವರಿಗೆ ಒಂದು ದಿನ ಸಾಲದು, ಒಂದು ವರ್ಷ ಕೊಡಿ

ಶಾಲೆ, ಕಾಲೇಜು ನಡೆಸುವವರಿಗೆ, ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಊರಿನ ಗ್ರಂಥಾಲಯ, ಸಭಾಭವನಗಳ ಬೀಗದ ಕೈ ಯಾರ ಹತ್ತಿರ ಇದೆಯೋ ಅವರೆಲ್ಲರಿಗೂ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಊರಿನಲ್ಲೂ ಅಂಥವರು ಒಬ್ಬರು ಇರುತ್ತಾರೆ. ಮಣ್ಣಿನ ಕೆಲಸ ಮಾಡುತ್ತಾರೆ, ಚಿತ್ರ ಬರೆಯುತ್ತಾರೆ, ಕಲಿಯಬೇಕು ಅಂತ ಬಂದವರಿಗೆ ಹೇಳಿಕೊಡುತ್ತಾರೆ. ವಾರ್ಷಿಕೋತ್ಸವ ಹತ್ತಿರ ಬಂದಾಗ, ಇಲ್ಲವೇ ಯಾರೋ ದೊಡ್ಡವರು ಶಾಲೆ ನೋಡಲು ಬರುವಾಗ ನಿಮಗೆ ಅವರ ನೆನಪಾಗುತ್ತದೆ. ಒಂದು ದಿನದ ಕಾರ್ಯಾಗಾರ ಇಡುತ್ತೀರಿ. ಫೋಟೊ ತೆಗೆಸುತ್ತೀರಿ. ಸಂಜೆ ಅವರು ತಿಗರಿಯನ್ನು ಗಾಡಿಗೆ ಹಾಕಿಕೊಂಡು ವಾಪಸ್ ಹೋಗುತ್ತಾರೆ. ಆಮೇಲೆ ಮುಂದಿನ ವರ್ಷದವರೆಗೆ ಅವರ ಸುದ್ದಿ ಯಾರಿಗೂ ಬೇಡ.

ನನ್ನ ಕೋರಿಕೆ ಇಷ್ಟೇ. ಈ ಒಂದು ದಿನದ ಕಾರ್ಯಕ್ರಮ ನಿಲ್ಲಿಸಿ. ಅದರ ಬದಲು ಅವರಿಗೆ ಒಂದು ಕೋಣೆ ಕೊಡಿ, ಪೂರ್ತಿ ಒಂದು ವರ್ಷ ಕೊಡಿ, ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ.

ನಾನು ಇಂಥ ಒಬ್ಬರ ಹತ್ತಿರ ಕಲಿಯುತ್ತಿದ್ದೇನೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಈ ಪತ್ರ ಬರೆಯಿರಿ ಅಂತ ಅವರು ಕೇಳಲೂ ಇಲ್ಲ, ಅವರು ಯಾರನ್ನೂ ಏನನ್ನೂ ಕೇಳುವ ಪೈಕಿ ಅಲ್ಲ. ಹಾಗಾಗಿ ನಾನು ಕೇಳುತ್ತಿದ್ದೇನೆ.

ಒಂದು ದಿನದ ಕಾರ್ಯಾಗಾರದಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ, ಆದರೂ ಹೇಳುತ್ತೇನೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಿಗೆ ತಿಗರಿ ಮುಂದೆ ಕೆಲವೇ ನಿಮಿಷ. ಮಗುವಿನ ಕೈ ಮೇಲೆ ಮೇಷ್ಟ್ರ ಕೈ ಇರುತ್ತದೆ, ಮಡಕೆ ಮೇಲೇಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮುಂದಿನವರು ಬನ್ನಿ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಆ ಮಡಕೆ ಮಾಡಿದ್ದು ಮೇಷ್ಟ್ರು. ಮಗುವಿಗೂ ಅದು ಗೊತ್ತಾಗುತ್ತದೆ, ಮಕ್ಕಳನ್ನು ಅಷ್ಟು ಸುಲಭವಾಗಿ ನಂಬಿಸಲು ಆಗುವುದಿಲ್ಲ. ಆ ಹಸಿ ಮಡಕೆಯನ್ನು ಮನೆಗೆ ಒಯ್ಯುವ ಹಾಗಿಲ್ಲ, ಸುಡಲು ಅಲ್ಲಿ ಭಟ್ಟಿ ಇಲ್ಲ, ಒಣಗಿಸಲು ಜಾಗ ಇಲ್ಲ. ಮರುದಿನ ಅದು ಮತ್ತೆ ಮಣ್ಣಿನ ಬಕೆಟ್ಟಿಗೆ ಹೋಗುತ್ತದೆ. ಹೋಗಲಿ, ಹಸಿ ಮಣ್ಣು ಎಷ್ಟು ಸಲವಾದರೂ ಮತ್ತೆ ಬಳಕೆಗೆ ಬರುತ್ತದೆ. ನನ್ನ ಬೇಜಾರು ಅದಲ್ಲ. ಮಡಕೆ ಮಾಡುವುದು ಅಂದರೆ ಇಷ್ಟೇ ಅಂತ ಆ ಮಗು ತಿಳಿದುಕೊಂಡು ಹೋಗುತ್ತದಲ್ಲ, ಅದು.

ತಿಗರಿ ಮೇಲೆ ಕೂರುವುದು ಈ ಕೆಲಸದ ಒಂದು ಸಣ್ಣ ಭಾಗ. ಅದಕ್ಕಿಂತ ಮುಂಚೆ ಮಣ್ಣು ಹದ ಮಾಡಬೇಕು. ತುಳಿದು, ನಾದಿ, ಒಳಗಿನ ಗಾಳಿ ತೆಗೆದು, ಎಲ್ಲ ಕಡೆ ಒಂದೇ ಮೆದು ಬರುವ ತನಕ ಬಿಡುವ ಹಾಗಿಲ್ಲ. ಆಮೇಲೆ ಮಣ್ಣಿನ ಉಂಡೆಯನ್ನು ತಿಗರಿಯ ನಟ್ಟನಡುವೆ ಕೂರಿಸಬೇಕು. ಹೊಸಬರಿಗೆ ಇದೇ ದೊಡ್ಡ ಕಷ್ಟ. ಮೊಣಕೈಯನ್ನು ತೊಡೆಗೆ ಒತ್ತಿಕೊಂಡು, ಉಸಿರು ಬಿಗಿ ಹಿಡಿಯದೆ, ಮಣ್ಣು ಅಲುಗಾಡುವುದು ನಿಲ್ಲುವ ತನಕ ಕಾಯಬೇಕು. ಜೋರು ಮಾಡಿದರೆ ಉಂಡೆ ಇನ್ನಷ್ಟು ಓಲಾಡುತ್ತದೆ, ಕೈ ಸಡಿಲ ಬಿಟ್ಟರೂ ಓಲಾಡುತ್ತದೆ. ಎಷ್ಟು ಒತ್ತಬೇಕು ಅನ್ನುವುದನ್ನು ಯಾರೂ ಮಾತಿನಲ್ಲಿ ಹೇಳಿಕೊಡಲು ಆಗುವುದಿಲ್ಲ. ನಮ್ಮ ಮೇಷ್ಟ್ರು ಪಕ್ಕದಲ್ಲಿ ಕೂತು ಸುಮ್ನೆ ನೋಡುತ್ತಾರೆ, ಕೈ ಹಾಕುವುದಿಲ್ಲ. ಅವರು ಕೈ ಹಾಕದೆ ಇರುವುದೇ ಪಾಠ ಅಂತ ನನಗೆ ತಡವಾಗಿ ಅರ್ಥವಾಯಿತು. ಒಂದು ದಿನದ ಕಾರ್ಯಾಗಾರದಲ್ಲಿ ಅವರು ಹಾಗೆ ಕೂರಲು ಆಗುತ್ತದಾ? ಆಗುವುದಿಲ್ಲ. ಸಾಲು ಕಾಯುತ್ತಿರುತ್ತದೆ.

ಅವರು ಮಾಡುವ ಇನ್ನೊಂದು ಕೆಲಸವನ್ನು ನೀವು ಒಮ್ಮೆ ಬಂದು ನೋಡಬೇಕು. ವಿದ್ಯಾರ್ಥಿಯ ಮಡಕೆ ಚೆನ್ನಾಗಿ ಎದ್ದು ನಿಂತ ಮೇಲೆ, ಅದು ಇನ್ನೂ ಹಸಿ ಇರುವಾಗಲೇ, ಒಂದು ತೆಳು ತಂತಿ ತೆಗೆದುಕೊಂಡು ಮೇಲಿನಿಂದ ಕೆಳಗೆ ಎರಡು ಹೋಳು ಮಾಡುತ್ತಾರೆ. ಮೊದಲ ಸಲ ನೋಡುವವರಿಗೆ ಎದೆ ಧಸಕ್ ಅನ್ನುತ್ತದೆ. ಆದರೆ ಆ ಹೋಳಿನಲ್ಲಿ ಎಲ್ಲ ಕಾಣುತ್ತದೆ. ಬುಡದಲ್ಲಿ ಬೆರಳು ದಪ್ಪ ಮಣ್ಣು ಉಳಿದಿದೆ, ನಡುವೆ ತೆಳುವಾಗಿದೆ, ಬಾಯಿಯ ಹತ್ತಿರ ಮತ್ತೆ ದಪ್ಪ. ಹೊರಗಿನಿಂದ ನೋಡಿದಾಗ ಇದ್ಯಾವುದೂ ಗೊತ್ತಾಗಿರಲಿಲ್ಲ. ಆ ಬುಡ ಯಾಕೆ ದಪ್ಪ ಉಳಿಯಿತು ಅಂತ ಅವರು ಕೇಳುತ್ತಾರೆ, ಉತ್ತರ ವಿದ್ಯಾರ್ಥಿಯೇ ಹೇಳಬೇಕು. ಅಂಕ ಇಲ್ಲ, ಬೈಗುಳ ಇಲ್ಲ. ನಾನು ಕಂಡ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನೋಡಿಲ್ಲ. ಇದು ನಡೆಯಬೇಕಾದರೆ ಮಕ್ಕಳಿಗೆ ಮುಂದಿನ ವಾರ ಮತ್ತೊಂದು ಮಡಕೆ ಮಾಡುವ ಅವಕಾಶ ಇದೆ ಅನ್ನುವ ಧೈರ್ಯ ಇರಬೇಕು. ಒಂದೇ ದಿನ ಅಂದರೆ ಯಾವ ಮೇಷ್ಟ್ರಿಗೂ ಮಗುವಿನ ಒಂದೇ ಒಂದು ಮಡಕೆಯನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ.

ಇನ್ನು ಒಣಗುವುದು. ಇದಕ್ಕೆ ಅವಸರವೇ ಶತ್ರು. ಬಾಯಿ ಬೇಗ ಒಣಗುತ್ತದೆ, ಬುಡ ನಿಧಾನ. ಒಣಗುತ್ತಾ ಮಣ್ಣು ಕುಗ್ಗುತ್ತದೆ. ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಕುಗ್ಗದಿದ್ದರೆ ಬಿರುಕು ಬಿಡುತ್ತದೆ. ಅದಕ್ಕೇ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಹೊದಿಸಿ ದಿನಗಟ್ಟಲೆ ಕಾಯುತ್ತಾರೆ. ನಡುವೆ ಒಂದು ಹದ ಬರುತ್ತದೆ. ಉಗುರು ಒತ್ತಿದರೆ ಗುರುತು ಬೀಳುತ್ತದೆ, ಆದರೆ ಮಣ್ಣು ಬೆರಳಿಗೆ ಅಂಟುವುದಿಲ್ಲ. ಬುಡ ಕೆತ್ತುವುದು, ಹಿಡಿ ಕೂರಿಸುವುದು ಎಲ್ಲ ಆಗಲೇ. ಆ ಹದ ತಪ್ಪಿದರೆ ಹಿಡಿ ಕೂರುವುದಿಲ್ಲ. ಅದು ನಿಮ್ಮ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ, ಗಾಳಿ, ಬಿಸಿಲು, ತೇವ ನೋಡಿಕೊಂಡು ಬರುತ್ತದೆ. ಆದ್ದರಿಂದಲೇ ಮೇಷ್ಟ್ರಿಗೆ ಬೀಗದ ಕೈ ಇರುವ ಒಂದು ಕೋಣೆ ಬೇಕು. ರಜೆಯ ದಿನವೂ ಒಳಗೆ ಹೋಗಿ ಹೊದಿಕೆ ತೆಗೆದು ನೋಡಿ ಬರುವ ಹಾಗಿರಬೇಕು.

ಸುಡುವುದಂತೂ ಬೇರೆಯೇ ಲೋಕ. ಮಡಕೆಯೊಳಗೆ ತೇವ ಉಳಿದಿದ್ದರೆ 100 ಡಿಗ್ರಿ ದಾಟುವಾಗ ಆ ನೀರು ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ, ಪಕ್ಕದ ಮಕ್ಕಳ ಮಡಕೆಗಳೂ ಹಾಳಾಗುತ್ತವೆ. ಅದಕ್ಕೆ ಮೊದಲ ಕೆಲವು ಗಂಟೆ ತೀರಾ ನಿಧಾನವಾಗಿ ಕಾಯಿಸುತ್ತಾರೆ. ಬಿಸಿ ಇನ್ನೂ ಏರಿದಂತೆ ಮಣ್ಣಿನ ಕಣಗಳ ಒಳಗೇ ಸೇರಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದನ್ನು ನೀರಲ್ಲಿ ನೆನೆಸಿದರೂ ಮತ್ತೆ ಮಣ್ಣಾಗುವುದಿಲ್ಲ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನಲ್ಲಿರುವ ಸ್ಫಟಿಕ ಶಿಲೆಯ ಕಣಗಳು ಏಕಾಏಕಿ ಹಿಗ್ಗುತ್ತವೆ, ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತವೆ. ಅದಕ್ಕೇ ಹೇಗಾಗಿದೆ ನೋಡೋಣ ಅಂತ ಭಟ್ಟಿಯ ಬಾಗಿಲು ಬೇಗ ತೆಗೆದರೆ ಮಡಕೆ ಸೀಳುತ್ತದೆ. ಮೊದಲ ಸಲ ಸಾವಿರ ಡಿಗ್ರಿ ಹತ್ತಿರ ಸುಟ್ಟು, ಆರಿಸಿ, ಗ್ಲೇಜ್ (ಸುಟ್ಟಾಗ ಗಾಜಿನಂಥ ಹೊಳಪು ಕೊಡುವ ಲೇಪ) ಹಾಕಿ ಮತ್ತೆ ಸುಡಬೇಕು. ಗಟ್ಟಿ ಜಾತಿಯ ಪಾತ್ರೆಗಳಾದರೆ ಈ ಎರಡನೇ ಸಲ 1200 ಡಿಗ್ರಿಯನ್ನೂ ದಾಟುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಇದೇ ವಿಷಯ ಬರುತ್ತದೆ ಅಲ್ವಾ? ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇಲ್ಲಿ ಅದೇ ಮಕ್ಕಳು ತಮ್ಮ ಕೈಯಿಂದ ಮಾಡಿದ ವಸ್ತು ಉಳಿಯುತ್ತದೋ ಒಡೆಯುತ್ತದೋ ಅಂತ ಭಟ್ಟಿಯ ಉಷ್ಣತೆಯ ಅಂಕಿ ನೋಡುತ್ತಾ ನಿಂತಿರುತ್ತಾರೆ.

ಚಿತ್ರದ ವಿಷಯಕ್ಕೆ ಬರೋಣ. ನಮ್ಮ ಮೇಷ್ಟ್ರು ಕಾಗದದ ಮೇಲೆ ಬಣ್ಣ ಹಾಕುವುದನ್ನೂ ಹೇಳಿಕೊಡುತ್ತಾರೆ, ಮಡಕೆಯ ಮೇಲೆ ಬರೆಯುವುದನ್ನೂ ಹೇಳಿಕೊಡುತ್ತಾರೆ. ಎರಡೂ ಬೇರೆ ಬೇರೆ. ಒಮ್ಮೆ ಸುಟ್ಟ ಮಡಕೆ ಬಾಯಾರಿದವರ ಹಾಗೆ ಕುಂಚದ ನೀರನ್ನೆಲ್ಲ ಕುಡಿದುಬಿಡುತ್ತದೆ. ಗೆರೆ ಎಳೆಯುವಾಗ ನಡುವೆ ಯೋಚನೆ ಮಾಡುತ್ತಾ ನಿಂತರೆ ಕುಂಚ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಳಿಸಿ ಮತ್ತೆ ಬರೆಯಲು ರಬ್ಬರ್ ಇಲ್ಲ. ಇನ್ನೊಂದು ಸೋಜಿಗ ಅಂದರೆ ಹಚ್ಚುವಾಗ ಇರುವ ಬಣ್ಣ ಒಂದು, ಸುಟ್ಟ ಮೇಲೆ ಬರುವ ಬಣ್ಣ ಇನ್ನೊಂದು. ಕೋಬಾಲ್ಟ್ ಆಕ್ಸೈಡ್ ಕಪ್ಪು ಪುಡಿ, ಬೆಂಕಿಯಿಂದ ಹೊರಗೆ ಬರುವಾಗ ಗಾಢ ನೀಲಿ. ತಾಮ್ರ ಹಾಕಿದ ಗ್ಲೇಜ್, ಭಟ್ಟಿಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಹಸಿರು ಕೊಡುತ್ತದೆ, ಆಮ್ಲಜನಕ ಕಡಿಮೆಯಾದರೆ ಕೆಂಪು ಕೊಡುತ್ತದೆ. ಅಂದರೆ ಕಣ್ಣೆದುರು ಇಲ್ಲದ ಬಣ್ಣವನ್ನು ಮನಸ್ಸಿನಲ್ಲಿ ನೋಡುತ್ತಾ ಚಿತ್ರ ಬರೆಯಬೇಕು. ಬರೆದಿಟ್ಟುಕೊಳ್ಳಬೇಕು, ಕಾಯಬೇಕು, ಹೋಲಿಸಿ ನೋಡಬೇಕು, ಮತ್ತೆ ಮಾಡಬೇಕು. ಹತ್ತು ವರ್ಷದ ಮಗುವೂ ಇದನ್ನು ಮಾಡುತ್ತದೆ, ಸಮಯ ಕೊಟ್ಟರೆ.

ಮಡಕೆ ಮಾಡುವವರೇ ಚಿತ್ರವನ್ನೂ ಬರೆದಾಗ ಏನಾಗುತ್ತದೆ ಅನ್ನುವುದಕ್ಕೆ ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಒಂದು ಉದಾಹರಣೆ ಇದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಅಥೆನ್ಸ್‌ನಲ್ಲಿ ಎಕ್ಸೆಕಿಯಾಸ್ ಅಂತ ಒಬ್ಬ ಇದ್ದ. ಅಲ್ಲಿ ಎಷ್ಟೋ ಸಲ ಮಡಕೆ ಮಾಡುವವರು ಬೇರೆ, ಚಿತ್ರ ಬರೆಯುವವರು ಬೇರೆ ಇರುತ್ತಿದ್ದರು. ಈತ ಎರಡನ್ನೂ ಮಾಡಿದ, ‘ಎಕ್ಸೆಕಿಯಾಸ್ ನನ್ನನ್ನು ಚಿತ್ರಿಸಿದ, ಮಾಡಿದ’ ಅಂತ ಮಡಕೆಯ ಮೇಲೇ ಬರೆದ. ಅವನ ಒಂದು ದೊಡ್ಡ ಹೂಜಿ ಈಗ ವ್ಯಾಟಿಕನ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅಕಿಲೀಸ್ ಮತ್ತು ಏಜಾಕ್ಸ್ ಅನ್ನುವ ಇಬ್ಬರು ವೀರರು ಎದುರು ಬದುರು ಕೂತು ಆಟ ಆಡುತ್ತಿದ್ದಾರೆ. ಅವರ ಬಾಗಿದ ಬೆನ್ನು ಹೂಜಿಯ ಹೊಟ್ಟೆ ಬಾಗಿದ ಹಾಗೇ ಬಾಗಿದೆ. ಕೈಯಲ್ಲಿ ಆ ಆಕಾರವನ್ನು ಎಬ್ಬಿಸಿದವನಿಗೆ ಗೆರೆ ಎಲ್ಲಿ ಬಾಗಬೇಕು ಅಂತ ಗೊತ್ತಿರುತ್ತದೆ. ಎರಡೂ ಬಲ್ಲ ಮೇಷ್ಟ್ರು ಸಿಕ್ಕಿದರೆ ನಿಮ್ಮ ಮಕ್ಕಳಿಗೂ ಅದು ಸಿಗುತ್ತದೆ.

ಇಂಗ್ಲೆಂಡಿನ ಹೆಸರಾಂತ ಕುಂಬಾರ ಬರ್ನಾರ್ಡ್ ಲೀಚ್ ಕಥೆಯೂ ಇಲ್ಲಿ ಹೇಳಬೇಕು. ಅವರು 1909ರಲ್ಲಿ ಜಪಾನಿಗೆ ಹೋದದ್ದು ಎಚಿಂಗ್ (ಲೋಹದ ತಗಡಿನ ಮೇಲೆ ಗೆರೆ ಕೊರೆದು ಚಿತ್ರ ಅಚ್ಚು ಹಾಕುವ) ಕಲೆ ಹೇಳಿಕೊಡಲು, ಆಗ ಅವರು ಚಿತ್ರ ಬರೆಯುವವರು. 1911ರಲ್ಲಿ ಅವರು ಹೋಗಿದ್ದ ಒಂದು ಕೂಟದಲ್ಲಿ ಕೂಟದವರು ಬಂದವರಿಗೆಲ್ಲ ಮಡಕೆ ಕೊಟ್ಟು ಚಿತ್ರ ಬರೆಯಿರಿ ಅಂದರು, ಆಮೇಲೆ ಕಣ್ಣೆದುರೇ ಸುಟ್ಟು ತೋರಿಸಿದರು. ಲೀಚ್ ಅಲ್ಲಿಂದ ಮಣ್ಣಿನ ಕಡೆ ತಿರುಗಿದರು, ಅಲ್ಲೇ ಗುರುಗಳ ಹತ್ತಿರ ವರ್ಷಗಟ್ಟಲೆ ಕಲಿತರು. 1920ರಲ್ಲಿ ಜಪಾನಿನ ಕುಂಬಾರ ಹಮಾದಾ ಶೋಜಿ ಜೊತೆ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕೆಲಸ ಶುರು ಮಾಡಿ, ಮುಂದೆ ಎಷ್ಟೋ ಜನರಿಗೆ ಕಲಿಸಿದರು. ನೋಡಿ, ಒಂದು ದಿನದಿಂದ ಆಸೆ ಹುಟ್ಟಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದಿನದ ಮರುದಿನ ಹೋಗಲು ಲೀಚ್‌ಗೆ ಒಬ್ಬ ಗುರು ಇದ್ದರು. ನೀವು ಕಾರ್ಯಾಗಾರ ಮುಗಿಸಿದ ಮರುದಿನ ನಿಮ್ಮ ಮಕ್ಕಳು ಎಲ್ಲಿಗೆ ಹೋಗಬೇಕು?

ಡಿಗ್ರಿ ಇಲ್ಲದವರನ್ನು ಶಿಕ್ಷಕರಾಗಿ ಹೇಗೆ ತೆಗೆದುಕೊಳ್ಳುವುದು ಅಂತ ನೀವು ಕೇಳುತ್ತೀರಿ. ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ಬೌಹೌಸ್. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ, ಇವತ್ತಿಗೂ ಜಗತ್ತಿನ ಕಲೆ, ವಿನ್ಯಾಸದ ಪಾಠಗಳಲ್ಲಿ ಹೆಸರು ಬರುವ ಶಾಲೆ. ಅವರಿಗೆ ಮಡಕೆಯ ವಿಭಾಗ ಬೇಕಾಯಿತು. ಆಗ ಅವರು ಕುಂಬಾರನನ್ನು ಒಂದು ದಿನ ಶಾಲೆಗೆ ಕರೆಯಲಿಲ್ಲ. 1920ರಲ್ಲಿ ವಿದ್ಯಾರ್ಥಿಗಳನ್ನೇ ಡಾರ್ನ್‌ಬರ್ಗ್ ಅನ್ನುವ ಸಣ್ಣ ಊರಿಗೆ ಕಳಿಸಿದರು. ಅಲ್ಲಿ ಮ್ಯಾಕ್ಸ್ ಕ್ರೇಹಾನ್ ಇದ್ದರು, ತಲೆಮಾರುಗಳಿಂದ ಮಡಕೆ ಮಾಡಿಕೊಂಡು ಬಂದ ಮನೆಯವರು. ಶಿಲ್ಪಿ ಗೆರ್ಹಾರ್ಡ್ ಮಾರ್ಕ್ಸ್ ಆಕಾರದ ಗುರು, ಕ್ರೇಹಾನ್ ಕೈಕೆಲಸದ ಗುರು. ಇಬ್ಬರೂ ಗುರುಗಳೇ. ವಿದ್ಯಾರ್ಥಿಗಳು ಅಲ್ಲೇ ಉಳಿದುಕೊಂಡು ಮಣ್ಣು ಹದ ಮಾಡಿದರು, ಭಟ್ಟಿ ಉರಿಸಿದರು. ಮುಂದೆ ದೊಡ್ಡ ಹೆಸರು ಮಾಡಿದ ಮಾರ್ಗರೀಟ್ ಫ್ರೀಡ್‌ಲೆಂಡರ್, ಥಿಯೋಡರ್ ಬೋಗ್ಲರ್, ಓಟೋ ಲಿಂಡಿಗ್ ಕಲಿತದ್ದು ಅಲ್ಲೇ.

ನೈಜೀರಿಯಾದ ಲಾಡಿ ಕ್ವಾಲಿ ಕೂಡ ಹಾಗೆಯೇ. ಮಣ್ಣಿನ ಸುರುಳಿ ಸುತ್ತಿ ಮಡಕೆ ಎಬ್ಬಿಸುವುದನ್ನು ಅವರು ಕಲಿತದ್ದು ತಮ್ಮ ಮನೆತನದ ಹಿರಿಯ ಹೆಂಗಸಿನ ಹತ್ತಿರ, ಯಾವ ಕಾಲೇಜಿನಲ್ಲೂ ಅಲ್ಲ. 1954ರಲ್ಲಿ ಇಂಗ್ಲೆಂಡಿನ ಕುಂಬಾರ ಮೈಕಲ್ ಕಾರ್ಡ್ಯೂ ಅವರ ಅಬುಜಾದ ತರಬೇತಿ ಕೇಂದ್ರಕ್ಕೆ ಸೇರಿದರು, ಅಲ್ಲಿ ತಿಗರಿ, ಗ್ಲೇಜ್ ಕಲಿತರು, ಆಮೇಲೆ ತಾವೇ ಬೇರೆಯವರಿಗೆ ಕಲಿಸಿದರು. ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಚಿತ್ರ ನೈಜೀರಿಯಾದ 20 ನೈರಾ ನೋಟಿನ ಮೇಲಿದೆ. ಡಿಗ್ರಿ ಕೇಳುವ ಕಾಲಂ ನಿಮ್ಮ ಅರ್ಜಿಯಲ್ಲಿ ಇರಲಿ, ಅದರ ಪಕ್ಕದಲ್ಲಿ ‘ಮಾಡಿದ ಕೆಲಸ ತೋರಿಸಿ’ ಅನ್ನುವ ಕಾಲಂ ಕೂಡ ಇರಲಿ. ಮಡಕೆಯನ್ನು ಕೈಗೆ ತೆಗೆದುಕೊಂಡು, ತೂಕ ನೋಡಿ, ಬುಡ ತಿರುಗಿಸಿ ನೋಡಬಲ್ಲ ಒಬ್ಬರನ್ನು ಆಯ್ಕೆ ಸಮಿತಿಯಲ್ಲಿ ಕೂರಿಸಿ.

ಇದೆಲ್ಲ ನಿಯಮದಲ್ಲಿ ಇಲ್ಲ ಅನ್ನುವ ಹಾಗೂ ಇಲ್ಲ. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನೇ ತೆಗೆದುಕೊಳ್ಳಿ. 6ರಿಂದ 8ನೇ ತರಗತಿಯ ಮಕ್ಕಳು ಬ್ಯಾಗ್ ಇಲ್ಲದೆ 10 ದಿನ ಬಡಗಿ, ತೋಟಗಾರ, ಕುಂಬಾರ, ಕಲಾವಿದ ಹೀಗೆ ಸ್ಥಳೀಯ ಕಸುಬುದಾರರ ಹತ್ತಿರ ಕಲಿಯಬೇಕು ಅಂತ ಅದು ಹೇಳುತ್ತದೆ. ಒಳ್ಳೆಯ ಮಾತು. ಆದರೆ ಆ 10 ದಿನವನ್ನು ಒಂದೇ ಸಮ ಇಟ್ಟುಬಿಟ್ಟರೆ ಮಣ್ಣಿನ ಕೆಲಸಕ್ಕೆ ಅಷ್ಟೇನೂ ಉಪಯೋಗವಿಲ್ಲ, ಯಾಕೆಂದರೆ ಮಾಡಿದ್ದು ಒಣಗಿ, ಎರಡು ಸಲ ಸುಟ್ಟು ಹೊರಗೆ ಬರುವ ಮೊದಲೇ ದಿನ ಮುಗಿದುಹೋಗುತ್ತದೆ. ಅದನ್ನೇ ವಾರಕ್ಕೊಂದು ದಿನದಂತೆ ಹಂಚಿ. ಈ ವಾರ ಮಾಡಿದ್ದನ್ನು ಮುಂದಿನ ವಾರ ಕೆತ್ತುತ್ತಾರೆ, ಅದರಾಚೆ ಮೊದಲ ಸಲ ಸುಡುತ್ತಾರೆ, ಆಮೇಲೆ ಚಿತ್ರ, ಆಮೇಲೆ ಗ್ಲೇಜ್. ಖರ್ಚು ಒಂದು ಪೈಸೆ ಜಾಸ್ತಿ ಆಗುವುದಿಲ್ಲ, ವೇಳಾಪಟ್ಟಿ ಬದಲಾದರೆ ಸಾಕು.

ಸುರಕ್ಷತೆಯ ಬಗ್ಗೆ ನಿಮಗಿರುವ ಭಯ ಸರಿಯಾದದ್ದೇ, ಅದನ್ನು ಹಗುರ ಮಾಡಿ ಮಾತಾಡಲಾರೆ. ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ. ಹಾಗಾಗಿ ಕೋಣೆಯನ್ನು ಪೊರಕೆಯಿಂದ ಗುಡಿಸುವ ಹಾಗಿಲ್ಲ, ಒದ್ದೆ ಬಟ್ಟೆಯಿಂದ ಒರೆಸಬೇಕು. ಸೀಸ ಇರುವ ಗ್ಲೇಜ್ ಮಕ್ಕಳ ಕೋಣೆಯೊಳಗೆ ಬರಲೇಬಾರದು. ಭಟ್ಟಿಗೆ ಗಾಳಿ ಹೊರಗೆ ಹೋಗುವ ಬೇರೆ ಜಾಗ ಬೇಕು, ಬೀಗ ಬೇಕು, ವಿದ್ಯುತ್ ಭಟ್ಟಿಯಾದರೆ ಅದರ ಹೊರೆ ತಡೆಯುವ ವೈರಿಂಗ್ ಬೇಕು. ಕೈ ತೊಳೆಯುವ ನೀರು ನೇರ ಚರಂಡಿಗೆ ಹೋದರೆ ಪೈಪು ಕಟ್ಟಿಕೊಳ್ಳುತ್ತದೆ, ಮಣ್ಣು ತಳಕ್ಕೆ ಕೂರಲು ನಡುವೆ ಒಂದು ತೊಟ್ಟಿ ಇಡಬೇಕು. ಇವನ್ನೆಲ್ಲ ಮೇಷ್ಟ್ರು ನಿಮಗಿಂತ ಚೆನ್ನಾಗಿ ಬಲ್ಲರು. ಅವರನ್ನು ಕೇಳಿ ಕೋಣೆ ಸಿದ್ಧ ಮಾಡಿಸಿ. ಸಿಮೆಂಟ್, ಪೇಂಟ್ ಎಲ್ಲ ಮುಗಿದ ಮೇಲೆ ಕರೆದು ತೋರಿಸಿದರೆ ಪ್ರಯೋಜನವಿಲ್ಲ.

ದುಡ್ಡಿನ ವಿಷಯ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಕಡೆ ಅವರಿಗೆ ಹೇಳುವುದು ‘ನಿಮಗೂ ಪ್ರಚಾರ ಸಿಗುತ್ತದಲ್ಲ’ ಅಂತ. ಮಣ್ಣು ಅವರದು, ತಿಗರಿ ಅವರದು, ಸಾಗಿಸುವ ಖರ್ಚು ಅವರದು, ಹಿಂದಿನ ದಿನ ಮಣ್ಣು ಹದ ಮಾಡಿದ ಕೂಲಿಯೂ ಅವರದೇ. ಗಣಿತದ ಮೇಷ್ಟ್ರಿಗೆ ಯಾರಾದರೂ ಪ್ರಚಾರವನ್ನು ಸಂಬಳವಾಗಿ ಕೊಡುತ್ತಾರಾ? ಸಂಬಳ ಕೊಡುವಾಗ ಇನ್ನೊಂದು ಮಾತು ನೆನಪಿಡಿ. ವಾರದ ಎಲ್ಲ ದಿನವನ್ನೂ ತರಗತಿಗಳಿಂದ ತುಂಬಿಬಿಡಬೇಡಿ. ಅವರ ಸ್ವಂತ ಕೆಲಸಕ್ಕೆ ದಿನ ಬಿಡಿ. ತನ್ನ ಕೆಲಸ ಮಾಡದ ಕುಂಬಾರ ಕೆಲವೇ ವರ್ಷಗಳಲ್ಲಿ ಹಳೆಯದನ್ನೇ ಹೇಳುವ ಮೇಷ್ಟ್ರಾಗಿ ಉಳಿದುಬಿಡುತ್ತಾರೆ. ಮಕ್ಕಳಿಗೆ ಪಾಠದಷ್ಟೇ ಮುಖ್ಯವಾದದ್ದು ಮೇಷ್ಟ್ರು ತಮ್ಮದೇ ಒಂದು ಹೂಜಿಯ ಮುಂದೆ ಕೂತು ಒದ್ದಾಡುವುದನ್ನು ನೋಡುವುದು.

ಸಂಜೆ ಹೊತ್ತು ಆ ಕೋಣೆ ಖಾಲಿ ಬಿದ್ದಿರಬೇಕಾಗಿಲ್ಲ. ದೊಡ್ಡವರಿಗೂ ತೆರೆದಿಡಿ. ನಿವೃತ್ತಿಯಾದವರು ಬರುತ್ತಾರೆ, ದಿನವಿಡೀ ಪರದೆ ನೋಡಿ ದಣಿದವರು ಬರುತ್ತಾರೆ, ಕಣ್ಣು ಕಾಣದವರೂ ಬಂದು ಬೆರಳಿನಿಂದಲೇ ಗೋಡೆಯ ದಪ್ಪ ಅಳೆಯುತ್ತಾ ಮಾಡಬಹುದಾದ ಕೆಲಸ ಇದು. ಒಂದೇ ಮೇಜಿನ ಎರಡು ಕಡೆ ಹನ್ನೆರಡರ ಹುಡುಗಿ, ಅರವತ್ತು ದಾಟಿದ ಅಜ್ಜ ಕೂತು ಒಬ್ಬರ ಮಡಕೆ ಒಬ್ಬರು ತಿರುಗಿಸಿ ನೋಡುವುದನ್ನು ನಾನು ಕಂಡಿದ್ದೇನೆ. ಅಜ್ಜ ಆ ಹುಡುಗಿಯನ್ನು ಕೇಳಿ ಹಿಡಿ ಕೂರಿಸುವುದು ಕಲಿತರು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನುವ ಗಾದೆ ನಿಮಗೆಲ್ಲ ಗೊತ್ತು. ಅದರ ಮೊದಲ ಅರ್ಧವನ್ನು ನಿಜವಾಗಿ ಕೊಡಿ ಅಂತ ಕೇಳುತ್ತಿದ್ದೇನೆ.

ಮುಂದಿನ ವರ್ಷದ ವೇಳಾಪಟ್ಟಿ ಅಂತಿಮ ಮಾಡುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಊರಿನ ಮಡಕೆ ಮೇಷ್ಟ್ರು ಕೆಲಸ ಮಾಡುವ ಜಾಗಕ್ಕೆ ನೀವೇ ಹೋಗಿ. ಅವರನ್ನು ಕಚೇರಿಗೆ ಕರೆಸಿ ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ. ಭಟ್ಟಿ ತೆರೆಯುವ ದಿನ ಯಾವುದು ಅಂತ ಕೇಳಿಕೊಂಡು ಅದೇ ದಿನ ಹೋಗಿ, ಅವರ ವಿದ್ಯಾರ್ಥಿಗಳು ಮಾಡಿದ್ದನ್ನು ಕೈಗೆ ತೆಗೆದುಕೊಂಡು ನೋಡಿ. ಎಷ್ಟು ಜಾಗ ಬೇಕು, ಎಷ್ಟು ಮಕ್ಕಳಾದರೆ ಸರಿ, ವಾರದಲ್ಲಿ ಯಾವ ದಿನ ಆಗುತ್ತದೆ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಆಮೇಲೆ ಈ ಪತ್ರಕ್ಕೆ ಉತ್ತರ ಬರೆಯಿರಿ. ಅದರಲ್ಲಿ ಪರಿಶೀಲಿಸಲಾಗುವುದು ಅಂತ ಬೇಡ. ಯಾವ ಕೋಣೆ, ಯಾವ ತಿಂಗಳಿಂದ, ಎಷ್ಟು ಸಂಬಳ, ಈ ಮೂರು ಬರೆಯಿರಿ.

ಇಂತಿ,
ಮಣ್ಣಿನ ಕೆಲಸ ಕಲಿಯುತ್ತಿರುವ ಒಬ್ಬ ವಿದ್ಯಾರ್ಥಿ